ಇಪ್ಪತ್ತು ಗೀಟು

ದೋಣಿಯ ಅಂಚಿನಲ್ಲಿ ನಿಂತ ಹುಡುಗನ ಕೈಯಲ್ಲಿ ಒಂದು ಹಾಳೆ ಇದೆ. ನೀರಿನಿಂದ ಒಬ್ಬೊಬ್ಬರೇ ಮೇಲೆ ಹತ್ತಿ ಬಂದ ಹಾಗೆ ಅವನು ಒಂದೊಂದು ಗೀಟು ಎಳೆಯುತ್ತಾನೆ. ಬೆಳಿಗ್ಗೆ ಹೊರಟಾಗ ಪ್ರವಾಸಿಗರು ಇಪ್ಪತ್ತು ಮಂದಿ. ಮಾಸ್ಕ್ ಮರೆತು ಬಂದ ಒಬ್ಬ ಆಸಾಮಿ ನೀರಿಗಿಳಿಯಲಾಗದೆ ದೋಣಿಯಲ್ಲೇ ಗೊಣಗುತ್ತ ಕೂತಿದ್ದಾನೆ. ಅಷ್ಟರಲ್ಲಿ ಯಾರೋ ಬೇಗ ಮೇಲೆ ಬರುತ್ತಾರೆ. ಅವರ ಮಾಸ್ಕ್ ಎರವಲು ಪಡೆದು, ಇನ್ನೊಬ್ಬನನ್ನು ಪುಸಲಾಯಿಸಿ ಜೊತೆಗೆ ಎಳೆದುಕೊಂಡು ಇವನು ಧುಮುಕುತ್ತಾನೆ. ಹೀಗೆ ಆಗಲೇ ಲೆಕ್ಕಕ್ಕೆ ಸೇರಿದ್ದ ಇಬ್ಬರಿಗೆ ಇನ್ನೊಮ್ಮೆ ಗೀಟು ಬೀಳುತ್ತದೆ. ಹುಡುಗ ಎಣಿಸುತ್ತಾನೆ: ಇಪ್ಪತ್ತು. ಎಂಜಿನ್ ಶುರುವಾಗುತ್ತದೆ. ಸೂಸನ್ ಮತ್ತು ಡೇನಿಯಲ್ ಎಂಬ ಗಂಡು ಹೆಣ್ಣು ಇನ್ನೂ ನೀರಿನ ಅಡಿಯಲ್ಲಿ, ಮೀನು ನೋಡುತ್ತ ಮೈಮರೆತಿದ್ದಾರೆ.

'ಓಪನ್ ವಾಟರ್' ಸಿನಿಮಾದ ಕಥೆ ಇಷ್ಟೇ. ಮೇಲೆ ಬಂದು ನೋಡಿದರೆ ದೋಣಿ ಇಲ್ಲ. ಮುಂದಿನ ಒಂದು ಗಂಟೆ ಇಬ್ಬರು ನೀರಲ್ಲಿ ತೇಲುತ್ತಿರುತ್ತಾರೆ, ನಾವು ನೋಡುತ್ತಿರುತ್ತೇವೆ.

2003ರ ಈ ಚಿತ್ರವನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ ಹಾಸ್ಟೆಲಿನಲ್ಲಿ ಲ್ಯಾಪ್‌ಟಾಪಿನ ಮೇಲೆ, ಪ್ರಗತಿ ವರದಿ ಬರೆಯಬೇಕಿದ್ದ ಒಂದು ರಾತ್ರಿ. (ಪಿಎಚ್.ಡಿ. ಮಾಡುವವರು ಎಷ್ಟು ಸಿನಿಮಾ ನೋಡುತ್ತಾರೆ ಎಂಬುದನ್ನು ವರದಿಯಲ್ಲಿ ಬರೆಯುವಂತಿದ್ದರೆ ನಮ್ಮ ಪ್ರಗತಿ ಬಹಳ ಚೆನ್ನಾಗಿ ಕಾಣುತ್ತಿತ್ತು.) ಎರಡನೇ ಸಲ ಗಂಗೊಳ್ಳಿಯ ನಮ್ಮ ಮನೆಯಲ್ಲಿ, ಅಪ್ಪಯ್ಯನ ಪಕ್ಕ ಕೂತು. ಎರಡೂ ಸಲ ಶಾರ್ಕುಗಳಿಗಿಂತ ಹೆಚ್ಚು ಹೆದರಿಸಿದ್ದು ಆ ಹಾಳೆಯೇ.

ಮೊದಲು ಸಿನಿಮಾದ ಬಗ್ಗೆ ಹೇಳುತ್ತೇನೆ. ನಿರ್ದೇಶಕ ಕ್ರಿಸ್ ಕೆಂಟಿಸ್, ನಿರ್ಮಾಪಕಿ ಅವರ ಹೆಂಡತಿ ಲಾರಾ ಲಾವ್. ಇಬ್ಬರಿಗೂ ಸ್ಕೂಬಾ ಡೈವಿಂಗಿನ ಹುಚ್ಚು. ಸ್ಟುಡಿಯೋದ ಬೆಂಬಲವಿಲ್ಲದೆ, ಸುಮಾರು 1 ಲಕ್ಷ 20–30 ಸಾವಿರ ಡಾಲರ್ ಹೊಂದಿಸಿಕೊಂಡು, ಸಣ್ಣ ಡಿಜಿಟಲ್ ವಿಡಿಯೋ ಕ್ಯಾಮೆರಾಗಳನ್ನು ಹಿಡಿದು, ವಾರಾಂತ್ಯ ಮತ್ತು ರಜಾದಿನಗಳಲ್ಲಿ ಶೂಟಿಂಗ್ ಮಾಡಿದರು. ಬ್ಲಾಂಚಾರ್ಡ್ ರಯಾನ್, ಡೇನಿಯಲ್ ಟ್ರಾವಿಸ್ ಎಂಬ ಆಗ ಯಾರೂ ಕೇಳಿರದ ಇಬ್ಬರು ನಟರು ಬಹಾಮಾಸ್ ಬಳಿಯ ತೆರೆದ ಸಮುದ್ರದಲ್ಲಿ ನೂರಕ್ಕೂ ಹೆಚ್ಚು ಗಂಟೆ ತೇಲಿದರು. ಕಂಪ್ಯೂಟರಿನಲ್ಲಿ ಶಾರ್ಕ್ ಮಾಡಿಸಲು ದುಡ್ಡಿರಲಿಲ್ಲ. ಹಾಗಾಗಿ ಮೀನಿನ ತುಂಡು ಎಸೆದು ನಿಜವಾದ ಶಾರ್ಕುಗಳನ್ನೇ ಹತ್ತಿರ ಕರೆಸಿದರು. ಬಡತನದಿಂದ ಹುಟ್ಟಿದ ಪರಿಹಾರ ಶ್ರೀಮಂತಿಕೆಗಿಂತ ಭಯಂಕರವಾಗಿ ಕಾಣುವುದೆಂದರೆ ಹೀಗೆ. 2004ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ನೋಡಿದ ಲಯನ್ಸ್ ಗೇಟ್ ಸಂಸ್ಥೆ ಇದನ್ನು 25 ಲಕ್ಷ ಡಾಲರಿಗೆ ಕೊಂಡಿತು. ಜಗತ್ತಿನಾದ್ಯಂತ ಐದು ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು.

ಹೋಲಿಕೆಗೆ 'ಲೈಫ್ ಆಫ್ ಪೈ' ನೆನಪಿಸಿಕೊಳ್ಳಿ. ಆಂಗ್ ಲೀ 2012ರಲ್ಲಿ ಮಾಡಿದ ಆ ಸಿನಿಮಾಕ್ಕೆ ಇದರ ಸುಮಾರು ಸಾವಿರ ಪಟ್ಟು ಖರ್ಚಾಗಿತ್ತು. ಅದರ ಕಡಲು ತೈವಾನಿನ ತೈಚುಂಗ್ ಎಂಬಲ್ಲಿ, ಹಳೆಯ ವಿಮಾನ ನಿಲ್ದಾಣದ ಜಾಗದಲ್ಲಿ ಕಟ್ಟಿದ ದೊಡ್ಡ ಕೊಳ. ಅಲೆ ಯಂತ್ರದ್ದು, ಆಕಾಶ ಕಂಪ್ಯೂಟರಿನದ್ದು, ಹುಲಿಯೂ ಬಹುಪಾಲು ಕಂಪ್ಯೂಟರಿನದ್ದೇ. ನನಗೆ ಆ ಸಿನಿಮಾ ಇಷ್ಟವೇ. ಆದರೆ ಅಲ್ಲಿನ ಕಡಲು ಸದಾ ಏನನ್ನೋ ಹೇಳುತ್ತಿರುತ್ತದೆ. ಹೊಳೆಯುತ್ತದೆ, ಕನ್ನಡಿಯಾಗುತ್ತದೆ, ದೇವರಾಗುತ್ತದೆ. 'ಓಪನ್ ವಾಟರ್'ನ ಕಡಲು ಏನನ್ನೂ ಹೇಳುವುದಿಲ್ಲ. ಅಗ್ಗದ ವಿಡಿಯೋದ ಚಪ್ಪಟೆ ಬೆಳಕಿನಲ್ಲಿ ಅದು ಬರೀ ಬೂದು, ಬರೀ ನೀರು. ಕ್ಯಾಮೆರಾ ಹೆಚ್ಚಾಗಿ ತೇಲುವವರ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಒಂದು ಅಲೆ ಎದ್ದರೆ ದಿಗಂತ ಮುಚ್ಚಿಹೋಗುತ್ತದೆ, ಇಳಿದರೆ ದೂರದಲ್ಲೊಂದು ದೋಣಿ ಕಂಡಂತಾಗಿ ಮತ್ತೆ ಮುಚ್ಚಿಹೋಗುತ್ತದೆ. ಕಡಲನ್ನು ದಡದಿಂದ ನೋಡಿದವರಿಗೆ ಅದು ವಿಶಾಲ. ಕತ್ತಿನವರೆಗೆ ಅದರೊಳಗೆ ಇರುವವರಿಗೆ ಅದು ಬಹಳ ಚಿಕ್ಕದು, ಮುಂದಿನ ಅಲೆಯವರೆಗೆ ಮಾತ್ರ.

ಮೊದಲ ಇಪ್ಪತ್ತು ನಿಮಿಷ ಮನೆಯ ಮದುವೆ ವಿಡಿಯೋದ ಹಾಗಿದೆ ಎಂದು ಬೈದವರಿದ್ದಾರೆ, ಅದು ಸುಳ್ಳೂ ಅಲ್ಲ. ರಜೆಗೆ ಹೊರಡುವ ಗಡಿಬಿಡಿ, ಫೋನು, ಲ್ಯಾಪ್‌ಟಾಪು, ಹೋಟೆಲ್ ಕೋಣೆಯಲ್ಲೊಂದು ಸೊಳ್ಳೆ. ಆದರೆ ಆ ಸೊಳ್ಳೆಯ ಕಾಟ ಎಷ್ಟು ಸಣ್ಣದಾಗಿತ್ತು ಎಂದು ಆಮೇಲೆ ತಿಳಿಯುತ್ತದೆ.

ಈ ಸಿನಿಮಾದ ಜೀವ ಇರುವುದು ಒಂದು ಜಗಳದಲ್ಲಿ. ಶುರುವಿನಲ್ಲಿ ಇಬ್ಬರೂ ಬಹಳ ಸಭ್ಯರು. ದೋಣಿ ಈಗ ಬರುತ್ತದೆ, ತಪ್ಪಾಗಿದೆ, ಗೊತ್ತಾದ ಕೂಡಲೇ ತಿರುಗಿಸುತ್ತಾರೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ತಮಾಷೆ ಮಾಡುತ್ತಾರೆ. ಅವನು ತನಗೆ ಗೊತ್ತಿರುವ ಡೈವಿಂಗ್ ಜ್ಞಾನವನ್ನೆಲ್ಲ ಒದರುತ್ತಾನೆ. ಆಮೇಲೆ ಅವಳಿಗೆ ವಾಂತಿಯಾಗುತ್ತದೆ. ಅಂಬಲಿ ಮೀನು ಚುಚ್ಚುತ್ತದೆ. ಬಾಯಾರಿಕೆ, ಹಸಿವು, ಚಳಿ. ಹೊತ್ತು ಸರಿದ ಹಾಗೆ ಸಭ್ಯತೆ ಕರಗಿ, ಕೊನೆಗೆ ಒಂದು ಹಂತದಲ್ಲಿ ಇಬ್ಬರೂ ಸಮುದ್ರದ ಮಧ್ಯೆ ಗಂಟಲು ಹರಿಯುವ ಹಾಗೆ ಕಿತ್ತಾಡುತ್ತಾರೆ. ಗುಂಪು ಬಿಟ್ಟು ದೂರ ಹೋಗಿದ್ದು ಯಾರಿಂದ? ನೀರಿನಡಿ ಅಷ್ಟು ಹೊತ್ತು ನಿಲ್ಲಿಸಿಕೊಂಡಿದ್ದು ಯಾರು? ಈ ರಜೆ ಹೀಗಾಗಲು ಯಾರ ಕೆಲಸ ಕಾರಣ? ಆ ಜಗಳದ ತುತ್ತತುದಿಯಲ್ಲಿ ಅವಳು ಕಿರುಚುತ್ತಾಳೆ, ತನಗೆ ಬೇಕಿದ್ದದ್ದು ಹಿಮದ ಮೇಲೆ ಸ್ಕೀಯಿಂಗ್ ಎಂದು.

ನನಗೆ ನಗು ಬಂತು. ನೋಡಿದವರಿಗೆಲ್ಲ ಬರುತ್ತದೆ. ಆದರೆ ನಗು ನಿಂತ ಮೇಲೆ ಇದಕ್ಕಿಂತ ನಿಜವಾದ ಮಾತನ್ನು ಸಾವಿನ ಸಿನಿಮಾಗಳಲ್ಲಿ ಕೇಳಿಲ್ಲ ಎನಿಸಿತು. ಸಾಯುವ ಮುನ್ನ ಜನ ಜೀವನದ ಅರ್ಥದ ಬಗ್ಗೆ ಮಾತಾಡುತ್ತಾರೆ ಎಂದು ನಮಗೆ ಸಿನಿಮಾಗಳೇ ನಂಬಿಸಿವೆ. ಇವರು ರಜೆಗೆ ಎಲ್ಲಿಗೆ ಹೋಗಬೇಕಿತ್ತು ಎಂಬುದರ ಬಗ್ಗೆ ಜಗಳವಾಡುತ್ತಾರೆ. ಅಡುಗೆಮನೆಯಲ್ಲಿ ಎರಡು ವರ್ಷದಿಂದ ಅರ್ಧಕ್ಕೆ ನಿಂತ ಜಗಳವೊಂದನ್ನು ಹೊತ್ತುಕೊಂಡು ಬಂದು ಅಟ್ಲಾಂಟಿಕ್‌ನಲ್ಲಿ ಮುಗಿಸುತ್ತಿರುವವರ ಹಾಗೆ. ಮುಗಿದ ಮೇಲೆ ಇಬ್ಬರೂ ತೆಪ್ಪಗಾಗಿ ಮತ್ತೆ ಹತ್ತಿರ ಬರುತ್ತಾರೆ. ಬೇರೆ ಎಲ್ಲಿಗೆ ಹೋಗುತ್ತಾರೆ?

ಈ ಕಥೆಯ ಹಿಂದೆ ಒಂದು ನಿಜ ಘಟನೆ ಇದೆ. 1998ರ ಜನವರಿ 25ರಂದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಸೇಂಟ್ ಕ್ರಿಸ್ಪಿನ್ ಎಂಬ ಹವಳದ ದಿಬ್ಬದ ಬಳಿಗೆ ಹೋದ ಡೈವಿಂಗ್ ದೋಣಿಯೊಂದು ಅಮೆರಿಕದ ದಂಪತಿಯನ್ನು ನೀರಲ್ಲೇ ಬಿಟ್ಟು ಬಂತು. ಯಾರಿಗೂ ಗೊತ್ತಾಗಲಿಲ್ಲ. ಎರಡು ದಿನದ ಮೇಲೆ ದೋಣಿಯಲ್ಲಿ ಅವರ ಚೀಲ ಉಳಿದಿರುವುದು ಕಣ್ಣಿಗೆ ಬಿದ್ದಾಗಲೇ ಎಣಿಕೆ ತಪ್ಪಿದ್ದು ತಿಳಿದದ್ದು. ವಿಮಾನ, ಹಡಗುಗಳಿಂದ ಹುಡುಕಿದರು. ಅವರು ಸಿಗಲೇ ಇಲ್ಲ. ಡೈವಿಂಗ್ ಸಾಮಾನು ಒಂದಿಷ್ಟು ಸಿಕ್ಕಿತು. ನೀರಿನಡಿ ಬರೆಯಲು ಬಳಸುವ ಫಲಕವೊಂದು ಸಿಕ್ಕಿತು, ಮರುದಿನ ಬೆಳಿಗ್ಗೆಯೂ ಅವರು ಬದುಕಿದ್ದರೆಂದು ಅದರ ಬರಹ ಹೇಳುತ್ತಿತ್ತು. ಹೆಣ ಸಿಗದಿದ್ದಲ್ಲಿ ಕಥೆಗಳು ಹುಟ್ಟುತ್ತವೆ. ಬೇಕೆಂದೇ ಕಣ್ಮರೆಯಾದರು ಎಂದೂ ಜನ ಆಡಿಕೊಂಡರು. ದೋಣಿಯ ನಾಯಕನ ಮೇಲೆ ನರಹತ್ಯೆಯ ಮೊಕದ್ದಮೆ ನಡೆದು, ಅವನು ನಿರಪರಾಧಿ ಎಂದು ತೀರ್ಪಾಯಿತು. ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ತಲೆ ಎಣಿಕೆಯ ನಿಯಮಗಳು ಬಿಗಿಯಾದವು. ನೀರಿನಲ್ಲಿ ಆ ಇಬ್ಬರು ಏನು ಮಾತಾಡಿಕೊಂಡರು, ಎಷ್ಟು ಹೊತ್ತು ಇದ್ದರು ಎಂಬುದು ಯಾರಿಗೂ ತಿಳಿಯದು. ಸಿನಿಮಾದ ಮಾತುಕತೆಯೆಲ್ಲ ಕೆಂಟಿಸ್ ಕಲ್ಪನೆ. ದೋಣಿ ಬಿಟ್ಟು ಹೋದ ಬಗೆಯೊಂದೇ ನಿಜ.

ಕೆಂಟಿಸ್ ಇಲ್ಲಿ ಖಳನಾಯಕನನ್ನು ಇಟ್ಟಿಲ್ಲ ಎಂಬುದು ನನಗೆ ದೊಡ್ಡ ವಿಷಯವಾಗಿ ಕಂಡಿತು. ಗೀಟು ಎಳೆದ ಹುಡುಗ ಕುಡಿದಿರುವುದಿಲ್ಲ, ಸೋಮಾರಿಯೂ ಅಲ್ಲ. ಅವನು ತನ್ನ ಕೆಲಸ ಮಾಡಿದ್ದಾನೆ. ಹಾಳೆಯಲ್ಲಿ ಇಪ್ಪತ್ತು ಗೀಟು ಇವೆ. ಆ ಹಾಳೆ ಇಲ್ಲದಿದ್ದರೆ ಬಹುಶಃ ಅವನು ಸುತ್ತ ತಿರುಗಿ ಮುಖಗಳನ್ನು ನೋಡುತ್ತಿದ್ದ, ಆ ಬೆಳಿಗ್ಗೆ ಮಾತಾಡಿದ ಹೆಂಗಸು ಎಲ್ಲಿ ಎಂದುಕೊಳ್ಳುತ್ತಿದ್ದ. ಹಾಳೆ ಇರುವುದರಿಂದ ನೋಡಬೇಕಾಗಿಲ್ಲ.

ಇದನ್ನು ಬರೆಯುವಾಗ ನಮ್ಮ ಹಾಸ್ಟೆಲಿನ ಹಾಜರಿ ಪುಸ್ತಕ ಕಣ್ಣ ಮುಂದೆ ಬರುತ್ತದೆ. ಯಾವ ವಿಶ್ವವಿದ್ಯಾಲಯ ಎಂದು ಹೇಳುವುದಿಲ್ಲ. ಎಲ್ಲ ಕಡೆಯೂ ಇಂಥದ್ದೊಂದು ಪುಸ್ತಕ ಇದ್ದೇ ಇರುತ್ತದೆ. ಸಂಜೆ ಏಳರಿಂದ ಎಂಟರೊಳಗೆ ಮೆಟ್ಟಿಲ ಪಕ್ಕದ ಮೇಜಿನ ಮೇಲೆ ಇಡುತ್ತಾರೆ, ಪ್ರತಿಯೊಬ್ಬಳೂ ತನ್ನ ಹೆಸರಿನ ಮುಂದೆ ಸಹಿ ಹಾಕಬೇಕು. ಲೈಬ್ರರಿಯಲ್ಲಿ ಕೂತವರು, ಬಸ್ಸು ತಪ್ಪಿದವರು, ಸ್ನಾನಕ್ಕೆ ಹೋದವರು, ಇವರೆಲ್ಲರ ಪರವಾಗಿ ಯಾರಾದರೂ ಒಬ್ಬಳು ಸಹಿ ಗೀಚುತ್ತಾಳೆ. ಇಲ್ಲದಿದ್ದರೆ ಮನೆಗೆ ಫೋನು ಹೋಗುತ್ತದೆ. ಹಾಗಾಗಿ ಅದೊಂದು ಉಪಕಾರ, ನಮ್ಮೊಳಗಿನ ಒಂದು ಸಣ್ಣ ಒಪ್ಪಂದ.

ಎರಡು ವರ್ಷದ ಹಿಂದೆ, ಸೆಮಿಸ್ಟರ್ ರಜೆಯ ಹೊತ್ತಿಗೆ, ನಮ್ಮ ಸಾಲಿನ ಕೊನೆಯ ಕೋಣೆಯಲ್ಲಿದ್ದ ಅಕ್ಕನಿಗೆ ಜ್ವರ ಬಂತು. ಪ್ರಬಂಧ ಸಲ್ಲಿಸುವ ಹಂತದಲ್ಲಿದ್ದವರು, ಬಾಗಿಲು ಹಾಕಿಕೊಂಡು ಬರೆಯುತ್ತಿದ್ದರು. ಯಾರೂ ತೊಂದರೆ ಕೊಡುತ್ತಿರಲಿಲ್ಲ. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಮೂರನೇ ದಿನ ಬೆಳಿಗ್ಗೆ ಕಸ ಗುಡಿಸಲು ಬಂದ ಆಯಾ ಬಚ್ಚಲಿನಿಂದ ಹೊರಗೆ ಬಂದು ಜೋರಾಗಿ ಕೇಳಿದಳು: "ಈ ಬಕೀಟು ಎರಡು ದಿನದಿಂದ ಇಲ್ಲೇ ಕುಂತೈತಿ, ಯಾರದವಾ?" ನೆನೆಹಾಕಿದ ಬಟ್ಟೆ ವಾಸನೆ ಹಿಡಿದಿತ್ತು. ನೀಲಿ ಬಕೀಟು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಬಾಗಿಲು ತಟ್ಟಿದೆವು, ಒಳಗಿನಿಂದ ಚಿಲಕ ತೆಗೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಡೆಂಗಿ. ಆಸ್ಪತ್ರೆಯಲ್ಲಿ ಎಂಟು ದಿನ ಇದ್ದು ಬಂದರು, ಈಗ ಚೆನ್ನಾಗಿದ್ದಾರೆ, ಡಾಕ್ಟರೇಟೂ ಆಯಿತು.

ಆಮೇಲೆ ಪುಸ್ತಕ ತೆಗೆದು ನೋಡಿದರೆ ಆ ಎರಡೂ ಸಂಜೆ ಅವರ ಹೆಸರಿನ ಮುಂದೆ ಸಹಿ ಇತ್ತು. ಒಂದೊಂದು ದಿನ ಒಂದೊಂದು ಕೈಬರಹ. ಯಾರು ಹಾಕಿದ್ದು ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು. ಆ ಪುಸ್ತಕದ ಪ್ರಕಾರ ಆ ಎರಡು ದಿನ ಹಾಸ್ಟೆಲಿನಲ್ಲಿ ಎಲ್ಲರೂ ಇದ್ದರು, ಎಲ್ಲರೂ ಸುರಕ್ಷಿತ. ಜ್ವರದಲ್ಲಿ ನೂರು ಸಲ ಹೆಸರು ಹಿಡಿದು ಕೂಗಿದೆ, ದನಿಯೇ ಹೊರಡಲಿಲ್ಲ ಎಂದು ಅವರು ಆಮೇಲೆ ಒಮ್ಮೆ ನಗುತ್ತ ಹೇಳಿದರು. ಯಾರ ಹೆಸರು ಎಂದು ನಾನು ಕೇಳಲಿಲ್ಲ.

ಹಾಗಾಗಿ ಸಿನಿಮಾದಲ್ಲಿ ದೋಣಿಯವನು ಮರುದಿನ ಬೆಳಿಗ್ಗೆ ಅವರ ಚೀಲವನ್ನು ಕಂಡಾಗ ನನಗೆ ನೆನಪಾದದ್ದು ಆ ನೀಲಿ ಬಕೀಟು. ಅವನು ಚೀಲವನ್ನು ತೆರೆದು ನೋಡುತ್ತಾನೆ, ಅಷ್ಟೇ. ಹಡಗು, ಹೆಲಿಕಾಪ್ಟರು ಎಲ್ಲ ಹೊರಡುವುದು ಆಮೇಲೆ. ಆ ಹೊತ್ತಿಗೆ ರಾತ್ರಿ ಕಳೆದಿರುತ್ತದೆ. ಆ ರಾತ್ರಿಯ ದೃಶ್ಯದ ಬಗ್ಗೆಯೂ ಒಂದು ಮಾತು. ಪರದೆ ಪೂರ್ತಿ ಕಪ್ಪು. ಮಿಂಚು ಹೊಡೆದಾಗ ಮಾತ್ರ ಒಂದು ಕ್ಷಣ ಎರಡು ತಲೆ ಕಾಣುತ್ತವೆ, ಮತ್ತೆ ಕಪ್ಪು, ಗುಡುಗು, ಅವರ ದನಿ. ಬೆಳಕಿನ ವ್ಯವಸ್ಥೆಗೆ ದುಡ್ಡಿಲ್ಲದ್ದರಿಂದ ಹೀಗೆ ಮಾಡಿದರೋ, ಬೇಕೆಂದೇ ಮಾಡಿದರೋ, ಏನಾದರೇನು. ಕಣ್ಣು ಮುಚ್ಚಿಕೊಂಡರೂ ತೆರೆದರೂ ಒಂದೇ ಆಗುವ ಕತ್ತಲೆ ಅದು.

ಅಪ್ಪಯ್ಯನಿಗೆ ಇದನ್ನು ತೋರಿಸಿದ್ದು ಕಳೆದ ಜುಲೈಯಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಅಳಿವೆಯ ಒಳಗೆ ದಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ, ಮಳೆ ಹೊಯ್ಯುತ್ತಿರುತ್ತದೆ, ಗಂಡಸರು ಬಲೆ ಸರಿಮಾಡುತ್ತ ಮನೆಯಲ್ಲಿರುತ್ತಾರೆ. ಅಪ್ಪಯ್ಯ ಇಪ್ಪತ್ತೈದು ವರ್ಷ ಮಲ್ಪೆಯ ಆಳಸಮುದ್ರದ ಬೋಟುಗಳಲ್ಲಿ ಕಲಾಸಿಯಾಗಿ ದುಡಿದವರು. ಒಮ್ಮೆ ಹೋದರೆ ಹತ್ತು ಹನ್ನೆರಡು ದಿನ. ಈಗ ಮಂಡಿ ನೋವು, ದಡದ ಕೆಲಸ ಮಾತ್ರ. ಇಂಗ್ಲಿಷ್ ಬರುವುದಿಲ್ಲ, ನಾನು ಆಗಾಗ ಹೇಳುತ್ತ ಹೋದೆ. ಗೀಟಿನ ದೃಶ್ಯವನ್ನು ವಿವರಿಸಿದಾಗ ಅವರಿಗೆ ಅದು ಅರ್ಥವಾಗಲಿಲ್ಲ, ಅಂದರೆ ಹಾಗೊಂದು ಏರ್ಪಾಡು ಯಾಕೆ ಬೇಕು ಎಂಬುದೇ ಅರ್ಥವಾಗಲಿಲ್ಲ.

"ಲೆಕ್ಕ ಹಾಕೂಕ್ ಕಾಗ್ದ ಎಂತಕೆ ಮಗಾ? ಉಂಬತ್ತಿಗೆ ಬಟ್ಲ್ ಉಳಿದ್ರೆ ಗೊತ್ತಾತಿಲ್ಯಾ?"

ಏಳೆಂಟು ಜನ ಹತ್ತು ದಿನ ಒಂದೇ ಪಾತ್ರೆಯ ಗಂಜಿ ಉಣ್ಣುವ ಬೋಟಿನಲ್ಲಿ ಬಟ್ಟಲು ಸಾಕು. ನಾನು, ಇದು ಪ್ರವಾಸಿಗರ ದೋಣಿ, ಒಬ್ಬರಿಗೊಬ್ಬರ ಪರಿಚಯ ಇರುವುದಿಲ್ಲ, ನಮ್ಮ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುತ್ತಾರಲ್ಲ ಹಾಗೆ, ಎಂದೆ. "ಹಾಂಗಾರೆ ಅಕ್ಕ್," ಎಂದು ಒಪ್ಪಿದರು. ಆಮೇಲೆ ನಾನು ಕಾಣದ್ದೊಂದನ್ನು ಅವರು ಕಂಡರು. ಇಬ್ಬರೂ ಕೈಕಾಲು ಆಡಿಸದೆ ದೋಣಿಗೆ ಕಾಯುತ್ತಿರುವ ದೃಶ್ಯ. "ಅವ್ರ್ ಇದ್ದಲ್ಲೇ ಇದ್ದೋ ಅಂದ್ಕಂಡಿದ್ರ್. ನೀರ್ ನಿಂತಲ್ಲೇ ನಿಂತಿರತ್ತಾ? ಹೊತ್ಕಂಡ್ ಹೋತ್ತ್." ಅಂದರೆ, ಅಲುಗಾಡದೆ ಕಾದರೆ ಬಿಟ್ಟ ಜಾಗದಲ್ಲೇ ಇರುತ್ತೇವೆಂಬ ನಂಬಿಕೆ ದಡದವರದ್ದು. ಸೆಳೆತ ಸದ್ದಿಲ್ಲದೆ ಹೊತ್ತೊಯ್ಯುತ್ತಿರುತ್ತದೆ. ದೋಣಿ ಹುಡುಕಿಕೊಂಡು ಬಂದರೂ ಬರುವುದು ಅವರು ಇಲ್ಲದ ಕಡೆಗೆ.

ಜಗಳದ ದೃಶ್ಯಕ್ಕೆ ಅವರು ನಗಲಿಲ್ಲ. ರಾತ್ರಿಯ ದೃಶ್ಯಕ್ಕೆ ಎದ್ದು ಹೋಗಿ ಬೀಡಿ ಹಚ್ಚಿ ಬಂದರು.

ಅವರ ತಲೆಯಲ್ಲಿ 'ಸುವರ್ಣ ತ್ರಿಭುಜ' ಓಡುತ್ತಿತ್ತೆಂದು ನನಗೆ ಗೊತ್ತಿತ್ತು, ಏಕೆಂದರೆ ನನ್ನ ತಲೆಯಲ್ಲೂ ಅದೇ. ನಮ್ಮ ಕರಾವಳಿಯವರಿಗೆ ವಿವರಿಸಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಜನರನ್ನು ಹೊತ್ತು ಹೊರಟ ಬೋಟು ಅದು. ಇಬ್ಬರು ಮಲ್ಪೆಯ ಕಡೆಯವರು, ಐವರು ಉತ್ತರ ಕನ್ನಡದವರು. 15ರ ರಾತ್ರಿಯ ನಂತರ ಸಂಪರ್ಕ ಕಡಿಯಿತು. ಇಲ್ಲಿ ಎಣಿಕೆ ತಪ್ಪಿರಲಿಲ್ಲ. ಏಳು ಜನ ಎಂಬುದು ಬಂದರಿನ ಪ್ರತಿಯೊಬ್ಬರ ಬಾಯಲ್ಲೂ ಇತ್ತು, ಹೆಸರು, ಊರು, ಮನೆ ಸಮೇತ. ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿ ತಡೆದು ಕೂತರು. ಯಾರೋ ಅಪಹರಿಸಿರಬೇಕು ಎಂಬ ಮಾತು ಹಬ್ಬಿತು. ಅಪಹರಣವಾದರೆ ಬದುಕಿದ್ದಾರೆಂದು ಅರ್ಥ, ಹಾಗಾಗಿ ಮನೆಯವರು ಅದನ್ನೇ ಹಿಡಿದುಕೊಂಡರು. ಕೊನೆಗೆ 2019ರ ಮೇ ಮೊದಲ ವಾರದಲ್ಲಿ ಸುದ್ದಿ ಬಂತು, ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ನೌಕಾಪಡೆಯ ಹಡಗು ಬೋಟಿನ ಅವಶೇಷವನ್ನು ಪತ್ತೆಮಾಡಿದೆ ಎಂದು. ಬೋಟು ಸಿಕ್ಕಿತು, ಜನ ಸಿಗಲಿಲ್ಲ.

ನಮ್ಮ ಮನೆಗೆ ಆ ಏಳು ಜನರಲ್ಲಿ ಯಾರ ಖಾಸಾ ಪರಿಚಯವೂ ಇರಲಿಲ್ಲ. ಆದರೂ ಆ ಐದು ತಿಂಗಳು ಅಮ್ಮ ಮೀನಿನ ಬುಟ್ಟಿ ಇಳಿಸಿ ಒಳಗೆ ಬರುವಾಗ ಕೇಳುತ್ತಿದ್ದ ಮೊದಲ ಮಾತು ಅವರದ್ದೇ ಆಗಿತ್ತು. ನಾನು ಗೀಟಿನ ಬಗ್ಗೆ, ಹಾಜರಿ ಪುಸ್ತಕದ ಬಗ್ಗೆ ಕಟ್ಟಿಕೊಂಡ ವಿಚಾರವೆಲ್ಲ ಇಲ್ಲಿಗೆ ಬಂದು ತಡವರಿಸುತ್ತದೆ. ಇಷ್ಟು ಜನ ಇಷ್ಟು ಗಟ್ಟಿಯಾಗಿ ಎಣಿಸುತ್ತಿದ್ದರೂ ಕಡಲು ಕೊಡಲಿಲ್ಲ. ಎಣಿಸಿದ್ದು ದಂಡವೇ ಎಂದು ಕೇಳಿದರೆ, ಅಲ್ಲ ಎನ್ನುತ್ತೇನೆ. ಯಾಕೆ ಎಂದರೆ, ಅಮ್ಮನ ಆ ಪ್ರಶ್ನೆಯ ಆಚೆಗೆ ನನ್ನ ಬಳಿ ಕಾರಣವಿಲ್ಲ.

ಸಿನಿಮಾದ ಕೊನೆಯನ್ನು ಹೇಳಿಬಿಡುತ್ತೇನೆ, ಇಪ್ಪತ್ತು ವರ್ಷ ದಾಟಿದ ಚಿತ್ರಕ್ಕೆ ಇನ್ನು ಗುಟ್ಟೇನು. ಬೆಳಗಾಗುವಷ್ಟರಲ್ಲಿ ಡೇನಿಯಲ್ ಸತ್ತಿರುತ್ತಾನೆ. ಸೂಸನ್ ಅವನನ್ನು ಮೆಲ್ಲಗೆ ದೂರ ತಳ್ಳಿಬಿಡುತ್ತಾಳೆ. ಶಾರ್ಕುಗಳು ಬರುತ್ತವೆ. ಅವಳು ಮಾಸ್ಕ್ ಹಾಕಿಕೊಂಡು ನೀರಿನೊಳಗೆ ಒಮ್ಮೆ ನೋಡುತ್ತಾಳೆ, ಆಮೇಲೆ ತೇಲಿಸುತ್ತಿದ್ದ ಸರಂಜಾಮನ್ನೆಲ್ಲ ಬಿಚ್ಚಿ ತಾನಾಗಿಯೇ ಇಳಿದುಹೋಗುತ್ತಾಳೆ. ಕೂಗಿಲ್ಲ. ಬಳಿಕ ಹೆಸರುಗಳು ಓಡುತ್ತಿರುವಾಗ ಎಲ್ಲೋ ಒಂದು ದಕ್ಕೆಯಲ್ಲಿ ಮೀನುಗಾರರು ಹಿಡಿದ ಶಾರ್ಕನ್ನು ಸೀಳುತ್ತಾರೆ. ಹೊಟ್ಟೆಯೊಳಗಿಂದ ನೀರಿನಡಿ ಫೋಟೋ ತೆಗೆಯುವ ಒಂದು ಕ್ಯಾಮೆರಾ ಹೊರಬರುತ್ತದೆ. ಇದು ಇನ್ನೂ ಕೆಲಸ ಮಾಡುತ್ತದಾ ಎಂದು ಒಬ್ಬ ಕೇಳುತ್ತಾನೆ.

ಅಪ್ಪಯ್ಯ ಶಾರ್ಕ್ ಕೊಯ್ಯುವವರ ಕೈಯನ್ನು ಗಮನಿಸುತ್ತಿದ್ದರು. ಕತ್ತಿ ಹಿಡಿದ ಕ್ರಮ ಸರಿಯಿದೆ ಎಂಬಂತೆ ತಲೆ ಆಡಿಸಿದರು. ಪರದೆ ಕಪ್ಪಾದ ಮೇಲೂ ಕೂತೇ ಇದ್ದರು.

"ಆ ಕ್ಯಾಮರದಂಗೆ ಪಟ ಸಿಕ್ತಾ?"

"ಗೊತ್ತಿಲ್ಲೆ ಅಪ್ಪಯ್ಯ. ಸಿನಿಮಾ ಅಲ್ಲಿಗೇ ಮುಗ್ದ್ ಹೋಯ್ತ್."

"ಸಿಕ್ಕಿದ್ರೆ ಮನ್ಯರಿಗಾರೂ ಕೊಡ್ಲಕ್ಕಿತ್ತ್," ಎಂದು ಎದ್ದು ಬಲೆಯ ಕಡೆಗೆ ಹೋದರು.